ಓದಿ ಸುಟ್ಟುಬಿಡು

ಓಹಾಯೋ ನದಿಯ ದಡದ ನಮ್ಮ ಊರಿನಲ್ಲಿ ನವೆಂಬರ್ ಮಳೆ ಹಿಡಿದರೆ ಬಿಡುವುದಿಲ್ಲ. ಚುನಾವಣೆ ಆಗಷ್ಟೇ ಮುಗಿದಿತ್ತು. ನಾವು ನಾಲ್ಕಾರು ಹೆಂಗಸರು ಕೌದಿ ಹೊಲಿಯಲು ಕೆಜಾಯಾ ಅಜ್ಜಿಯ ಮನೆಗೆ ಬಂದಿದ್ದೆವು. ನಾನು ಮಗುವನ್ನು ಗಂಡ ವಿಲ್ಬರ್‌ನ ಹತ್ತಿರ ಬಿಟ್ಟು ಬಂದಿದ್ದೆ. ಸಂಜೆಗೆ ಮಳೆ ಇನ್ನೂ ಜೋರಾಗಿ ಯಾರೂ ಹೊರಡುವಂತಿರಲಿಲ್ಲ. ಅಜ್ಜಿಯ ಒಬ್ಬನೇ ಮಗ ಜೋಥಮ್ ಆ ಸಲ ಗೆದ್ದು ವಾಷಿಂಗ್ಟನ್ನಿನ ಶಾಸನಸಭೆಗೆ ಆಯ್ಕೆಯಾಗಿದ್ದ. ನಾನೇ ಸುಮ್ಮನಿರಲಾರದೆ, "ಮಗ ಇಷ್ಟು ದೊಡ್ಡವನಾದ್ರೂ ನಿಮ್ಮ ಮುಖದಲ್ಲಿ ನಗೂನೇ ಇಲ್ವಲ್ಲ ಅಜ್ಜಿ?" ಎಂದೆ. ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ನನ್ನನ್ನೇ ನೋಡಿದಳು.

"ನಗ್ತೀನಿ ತಡಿಯೇ... ಮೊದ್ಲು ಇದನ್ನ ಕೇಳಿ. ಮಧ್ಯೆ ಯಾರಾದ್ರೂ ಅಯ್ಯೋ ಪಾಪ ಅಂದ್ರೆ ಎದ್ದು ಒಳಗೆ ಹೋಗ್ಬಿಡ್ತೀನಿ, ಅಷ್ಟೇ.

"ಪೆಟ್ಟಿಬೋನ್ ಸಾಹೇಬ್ರು ಅಂತ ಇದ್ರು. ಇದೇ ಜಿಲ್ಲೆಯಿಂದ ಗೆದ್ದು ವಾಷಿಂಗ್ಟನ್ನಲ್ಲಿ ಕೂತಿದ್ರು. ಆ ಮನುಷ್ಯ ರಾಜಕೀಯ ಮಾಡಿದ್ದೆಲ್ಲ ಕಾಗದದಲ್ಲೇ ಕಣ್ರೇ. ಯಾರನ್ನ ಪೋಸ್ಟ್‌ಮಾಸ್ಟರ್ ಮಾಡ್ಬೇಕು, ಯಾವ ಪತ್ರಿಕೆಯವನ ಬಾಯಿ ಮುಚ್ಚಿಸ್ಬೇಕು... ಎಲ್ಲ ಸ್ವಂತ ಕೈಯಲ್ಲಿ ಬರೆಯೋರು. ಕೊನೇಲಿ ಒಂದು ಸಾಲು: ಓದಿ ಸುಟ್ಟುಬಿಡು. ಆಗ ದೊಡ್ಡೋರೆಲ್ಲ ಹಾಗೇ ಬರೆಯೋರು, ಕಾಗದ ಸಿಕ್ಕೋರು ಓದಿ ಒಲೆಗೆ ಹಾಕೋರು. ನನ್ ಗಂಡ ಎನಾಕ್ ಹಾಕ್ಲಿಲ್ಲ. ಯಾಕೆ? ಜಂಬ, ಇನ್ಯಾಕೆ! ಹಂದಿ ಸಾಕೋ ನನಗೆ ಅಂಥೋರು ಸ್ವಂತ ಕೈಯಲ್ಲಿ ಬರ್ದಿದಾರೆ ಕಣೇ ಅಂತ ಎದೆ ಉಬ್ಬಿಸ್ಕೊಂಡು ಬೈಬಲ್ ಒಳಗಿಟ್ಟ.

"ಬರ್ದಿದ್ದೇನು ಗೊತ್ತಾ? ಹಳ್ಳದಾಚೆಯ ಓಟಿನ ಪೆಟ್ಟಿಗೇನ ಎಣಿಸೋಕ್ಕೆ ಮುಂಚೆ ನದಿಗೆ ಹಾಕು ಅಂತ. ಹಾಕಿದ, ಸಿಕ್ಕಿಬಿದ್ದ. ಸಾಹೇಬ್ರು ಗೆದ್ರು, ಗೆದ್ದ ತಿಂಗಳಲ್ಲೇ ಎದೆನೋವು ಬಂದು ಸತ್ರು. ಇವನು ಜೈಲಲ್ಲಿ. ವಕೀಲ ಬಂದು ಹೇಳ್ದ: ಆ ಕಾಗದ ಜಡ್ಜಿಗೆ ತೋರಿಸಿದ್ರೆ ನಿನ್ ಗಂಡನ್ನ ಬಿಡಿಸ್ಕೊಂಡು ಬರ್ತೀನಿ, ಇಲ್ದಿದ್ರೆ ಹತ್ತು ವರ್ಷ. ನನ್ನ ಕಚೇರಿಗೆ ಮಾತ್ರ ತರ್ಬೇಡ, ಪಕ್ಷದವ್ರು ಕದೀತಾರೆ, ವಿಚಾರಣೆವರೆಗೂ ನೀನೇ ಇಟ್ಕೋ ಅಂದ. ಇಟ್ಕೊಂಡೆ. ನನ್ ತೊಡೆ ಮೇಲೆ ಆಗ ಹಸುಗೂಸು... ಬಹಳ ವರ್ಷ ಮಕ್ಕಳಿಲ್ದೆ ಹುಟ್ಟಿದ್ದು.

"ಸಾಹೇಬ್ರನ್ನ ಹೂಳಿದ ಮಾರನೇ ದಿನ ನನ್ನ ಒಲೆ ಹತ್ತಲಿಲ್ಲ. ಒಣ ಸೌದೆ, ಬೆಂಕಿಕಡ್ಡಿ ಗೀಚಿದ್ರೆ ಉರಿಯತ್ತೆ, ಒಲೆ ಹತ್ರ ತಂದ್ರೆ ಸಾಯತ್ತೆ. ಪಕ್ಕದ ಮನೆಯಿಂದ ಕೆಂಡ ತಂದೆ, ಹೊಸಿಲು ದಾಟಿದ್ದೇ ಕಪ್ಪಾಯ್ತು. ಹೊರಗೆ ಹಿಮ ಬೀಳ್ತಿದೆ! ಇದು ಆ ಕಾಗದದ ಕೆಲ್ಸಾನೇ ಅಂತ ಅದನ್ನ ಮನೇಲೇ ಬಿಟ್ಟು ಕೂಸನ್ನ ಎತ್ಕೊಂಡು ಪಕ್ಕದ ಮನೇಗೆ ಹೋದೆ... ಅವರ ಒಲೇನೂ ಆರಿಹೋಯ್ತು. ಇನ್ನೊಬ್ಬರ ಮನೆ, ಅಲ್ಲೂ ಅಷ್ಟೇ. ಕಾಗದ ಎಲ್ಲಿದ್ರೇನು, ಇಟ್ಕೊಂಡಿರೋಳು ನಾನಲ್ವಾ? ಕೈ ಮುಗೀತೀವಿ ಹೋಗು ತಾಯಿ ಅಂತ ಕಳಿಸಿಬಿಟ್ರು. ಕೂಸಿನ ತುಟಿ ನೀಲಿಯಾಗಿತ್ತು, ಅಳೋದೂ ನಿಂತುಹೋಗಿತ್ತು.

"ವಾಪಸ್ ಬಂದ್ರೆ, ಎನಾಕ್‌ನ ಕುರ್ಚಿಯಲ್ಲಿ ಸಾಹೇಬ್ರು ಕೂತಿದಾರೆ. ಮಟಮಟ ಮಧ್ಯಾಹ್ನ! ದೆವ್ವ ಅಂದ್ರೆ ಬಿಳೀ ಬಟ್ಟೆ ಹೊದ್ಕೊಂಡು ಬರತ್ತೆ ಅಂದ್ಕೊಂಡ್ರಾ? ಕರೀ ಕೋಟು, ಮೊಣಕಾಲ ಮೇಲೆ ಟೋಪಿ, ಓಟು ಕೇಳೋಕೆ ಬಂದಾಗ ಇದ್ದ ಅದೇ ನಗು. 'ಜೋಥಮ್ ಹೇಗಿದಾನಮ್ಮ?' ಅಂದ್ರು. ಕೂಸಿಗೆ ಆ ಹೆಸರು ಇಡೋಣ ಅಂತ ನಾನು ಮನಸ್ಸಲ್ಲಿ ಅಂದ್ಕೊಂಡಿದ್ದೆ, ಇನ್ನೂ ಯಾರಿಗೂ ಹೇಳಿರ್ಲಿಲ್ಲ.

"ನನಗೆ ಹೆದರಿಕೆಗಿಂತ ಸಿಟ್ಟು ಬಂತು ನೋಡಿ. ನಿನ್ನ ಮಾನ ಉಳೀಲಿ ಅಂತ ನನ್ ಗಂಡ ಜೈಲಲ್ಲಿ ಕೊಳೀಬೇಕೇನೋ ಅಂದೆ. ಬೇಜಾರೇ ಮಾಡ್ಕೊಳ್ಳಲಿಲ್ಲ ಆಸಾಮಿ! 'ನೀನು ಆ ಕೆಲ್ಸ ಮುಗಿಸು ತಾಯಿ, ಹುಡುಗನ್ನ ನಾನು ನೋಡ್ಕೋತೀನಿ' ಅಂದ್ರು. ಗಂಡ ಒಂದು ಕಡೆ, ತಣ್ಣಗಾಗ್ತಿರೋ ಕೂಸು ಒಂದು ಕಡೆ... ನೀವಾಗಿದ್ರೆ ಏನ್ ಮಾಡ್ತಿದ್ರಿ? ಹೇಳ್ರೇ! ಬೈಬಲ್‌ನಿಂದ ಕಾಗದ ತೆಗೆದು ಒಲೆಗಿಟ್ಟು ಕಡ್ಡಿ ಗೀಚಿದೆ. ಧಗ್ ಅಂತ ಹತ್ತಿತು. ಆ ಬೆಂಕೀಲೇ ಮಗೂನ ಕಾಯಿಸ್ದೆ. ಕುರ್ಚಿ ಖಾಲಿಯಾಗಿತ್ತು.

"ಎನಾಕ್ ಜೈಲಲ್ಲೇ ಕೆಮ್ಮಿ ಕೆಮ್ಮಿ ಸತ್ತ. ಮಗ ಮಾತ್ರ ಒಂದು ದಿನ ಕಾಯಿಲೆ ಬೀಳ್ಲಿಲ್ಲ. ಹೋದ ಬಾಗಿಲೆಲ್ಲ ತೆರೆದ್ವು, ಕೇಳಿದ್ದೆಲ್ಲ ಸಿಕ್ತು. ಸತ್ತೋರು ಕೊಟ್ಟ ಮಾತು ಉಳಿಸ್ಕೊಂಡ್ರು ಅಂತ ನಾನೂ ಅಂದ್ಕೊಂಡೆ... ಅವನಿಗೆ ಅಕ್ಷರ ಕಲಿಸಿದ್ದು ನಾನೇ ಕಣ್ರೇ, ನನ್ನ ಕೋಳಿಕಾಲು ಅಕ್ಷರದಲ್ಲಿ. ಮೊದಲ್ನೇ ಸಲ ಒಬ್ಬನೇ ಕೂತು ಸ್ಲೇಟಿನ ಮೇಲೆ ಬರೆದು ತಂದು ತೋರಿಸ್ದ. ಎಡಕ್ಕೆ ವಾಲಿದ ಅಕ್ಷರ, ಕೊನೇಲಿ ಉದ್ದ ಬಾಲ. ಆ ಕೈಬರಹ ನನಗೆ ಗೊತ್ತಿಲ್ವಾ? ನಾನೇ ಸುಟ್ಟಿದ್ದೆ!

"ಗೆದ್ದಾಗ್ಲಿಂದ ಬಾಗಿಲು ಹಾಕ್ಕೊಂಡು ಬರೀತಾನೇ ಇದಾನೆ. ನಿನ್ನೆ ಕಾಫಿ ಕೊಡೋಕೆ ಹೋದಾಗ ನೋಡ್ದೆ. ಕೊನೇ ಸಾಲು ಏನು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

ಅಜ್ಜಿ ಮತ್ತೆ ಸೂಜಿ ಕೈಗೆತ್ತಿಕೊಂಡು, ದಾರ ಎಳೆಯುತ್ತಲೇ ಮೆಲ್ಲಗೆ ನನ್ನನ್ನು ಕೇಳಿದಳು.

"ಲೂಎಲ್ಲಾ, ಆ ಕಾಗದದ ರಾಶಿ ಮೇಲಿದ್ದ ಲಕೋಟೆ ನಿನ್ನ ಗಂಡನ ಹೆಸರಿಗೆ ಇತ್ತು. ಬಂತಾ?"

ಬಂದಿತ್ತು. ಬೆಳಿಗ್ಗೆಯೇ ವಿಲ್ಬರ್ ಅದನ್ನು ಓದಿ, ನನಗೂ ತೋರಿಸದೆ, ಹುಬ್ಬು ಹಾರಿಸಿ ನಕ್ಕು ಮಡಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡಿದ್ದ. ನಾನು ತಲೆಯಾಡಿಸಿ, ಒಳಜೇಬು ಇರುವ ಕಡೆ ಎದೆಯ ಮೇಲೆ ಕೈಯಿಟ್ಟು ತೋರಿಸಿದೆ.

"ಇಟ್ಕೊಂಡ್ನಾ?" ಅಜ್ಜಿ ಕೈ ನಿಲ್ಲಿಸಿದಳು. "ಹಾಗಾದ್ರೆ ಮಳೆ ನೋಡ್ತಾ ಕೂರಬೇಡ, ಏಳೇ. ಮನೇಗೆ ಓಡು. ಮಗು ಬೆಚ್ಚಗಿದೆಯಾ ನೋಡು."