ಸಣ್ಣ ಮದ್ದು, ದಪ್ಪ ಮದ್ದು

ಬೀಳ್ಲಿಲ್ಲ, ಸುಮ್ನೆ ಕೂತ್ಕೊಂಡೆ ಅಂತ ನಿಮ್ಮಜ್ಜಿಗೆ ಹೇಳ್ಬುಟ್ಟಿದ್ದೆ ಕಣ್ಲಾ, ಆದ್ರೆ ಬಿದ್ದಿದ್ದೇ ನಿಜ, ಅಂಗಾತ ಬಿದ್ದಿದ್ದು, ಕಡ್ಲೆಕಾಯಿ ಹೊಲದ ಮಧ್ಯದಲ್ಲಿ, ಬಂದೂಕ ಒಂದ್ಕಡೆ ನಾನೊಂದ್ಕಡೆ. ಹಿಂದೆ ಕಳೆ ಕೀಳ್ತಿದ್ದ ಹೆಂಗಸ್ರೆಲ್ಲ ನೋಡಿದ್ರು. ತಡೀರಿ, ಮೊದ್ಲಿಂದ ಹೇಳ್ತೀನಿ. ನಾವು ಹಿಂದೂಪುರದ ನೇಕಾರ್ರು, ಗೊತ್ತಲ್ಲ. ನಮ್ಮ ಕೈಮಗ್ಗ ನಿಂತೋದ್ಮೇಲೆ ನಾನು ನಿಮ್ಮಜ್ಜಿ ತೌರಿಗೆ ಬಂದೆ, ಕುಂದುರ್ಪಿ ಹತ್ರದ ಹಳ್ಳಿಗೆ. ಅವ್ರೂ ನಮ್ಮೋರೇ, ಆದ್ರೆ ಮಗ್ಗ ಬಿಟ್ಟು ಬೇಸಾಯ ಹಿಡ್ದಿದ್ದೋರು. ಮಾವನಿಗೆ ಗಂಡುಮಕ್ಳಿಲ್ಲ, ಕಣ್ಣಿಗೆ ಪೊರೆ ಬಂದು ಏನೂ ಕಾಣ್ತಿರ್ಲಿಲ್ಲ, ಅದ್ಕೇ ನನ್ನ ಇಲ್ಲಟಂ ಇಟ್ಕೊಂಡ್ರು. ಇಲ್ಲಟಂ ಅಂದ್ರೆ ಹೆಂಡ್ತಿ ಮನೇಲೇ ಇದ್ದು ಅವ್ರ ಹೊಲ ಮನೆ ನೋಡ್ಕೊಳೋ ಅಳಿಯ ಕಣಮ್ಮ. ಎರಡ್ನೇ ಮುದ್ದೆ ಬೇಕು ಅಂತ ಕೇಳೋಕೂ ನಾಚಿಕೆ ಆಗ್ತಿತ್ತು ನಂಗೆ. ಹಸ್ಕೊಂಡೇ ಎದ್ದು ಕೈ ತೊಳ್ಕೊಳ್ತಿದ್ದೆ.

ಆ ವರ್ಷ ಹಂದಿ ಕಾಟ. ಕಾಯಿ ಕಟ್ಟೋ ಹೊತ್ತಿಗೆ ಸರ್ಯಾಗಿ ಬಂದ್ಬುಟ್ಟು ಬೇರು ಸಮೇತ ಅಗ್ದಾಕ್ತಿದ್ವು. ಮಾವನ ಹತ್ರ ಒಂದು ನಾಟು ಬಂದೂಕ ಇತ್ತು, ಲೈಸೆನ್ಸಿಂದು, ಅದ್ರಲ್ಲಿ ನನ್ನ ಹೆಸ್ರೂ ಸೇರ್ಸಿದ್ರು. ತೋಟಾ ಹಾಕೋ ಬಂದೂಕ ಅಲ್ಲ ಅದು. ಬಾಯಿಂದ ಮದ್ದು ಸುರ್ದು, ಬಟ್ಟೆ ಚೂರು ತುರ್ಕಿ, ಸೀಸದ ಸಣ್ಣ ಸಣ್ಣ ಗುಂಡು ಹಾಕಿ, ಮತ್ತೆ ಬಟ್ಟೆ ತುರ್ಕಿ, ಸಲಾಕೇಲಿ ಜಡೀಬೇಕು. ಅದನ್ನ ನೋಡಿದ್ದೆ ಅಷ್ಟೇ, ಹೊಡ್ದೋನಲ್ಲ. ಮಾವ ಕೇಳಿದ್ರು, "ಅಳಿಯಪ್ಪ, ಬಂದೂಕ ಅಭ್ಯಾಸ ಐತಾ?" ನಾನು "ಐತೆ ಮಾವ" ಅಂದ್ಬುಟ್ಟೆ. ಯಾಕಂದೆ ಅಂದ್ರೆ, ಇಲ್ಲ ಅನ್ನೋಕೆ ನಾಚಿಕೆ. ನೇಗಿಲು ಹಿಡಿಯೋಕೂ ಬರಲ್ಲ, ಎತ್ತು ನನ್ ಮಾತು ಕೇಳಲ್ಲ, ಇನ್ನ ಇದೂ ಬರಲ್ಲ ಅಂದ್ರೆ ಮನೇಲಿ ಯಾಕಿರ್ಬೇಕು ನಾನು, ಹೇಳು.

ಮದ್ದು ತರೋಕೆ ಕಲ್ಯಾಣದುರ್ಗಕ್ಕೆ ಹೋದೆ. ಅಂಗಡಿಯೋನು ತೆಲುಗಲ್ಲಿ ಕೇಳ್ದ, "ಸನ್ನದಾ, ಲಾವುದಾ?" ಸಣ್ಣಂದು ಬೇಕಾ, ದಪ್ಪಂದು ಬೇಕಾ ಅಂತ. ಮದ್ದಲ್ಲೂ ಕಾಳು ಬತ್ತೈತೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ಒಂದು ನುಣ್ಣಗೆ, ಚಿರೋಟಿ ರವೆ ಥರ, ಇನ್ನೊಂದು ದಪ್ಪ. ನೇಕಾರನ ಬುದ್ಧಿ ನೋಡು, ನೂಲು ಸಣ್ಣ ಇದ್ದಷ್ಟೂ ಸೀರೆ ಚೆನ್ನಾಗಿರ್ತೈತೆ, ಮದ್ದೂ ಹಂಗೇ ಇರ್ಬೇಕು ಅಂದ್ಕೊಂಡೆ. ಸಣ್ಣಂದೇ ಕೊಡಪ್ಪ ಅಂದೆ. ಯಾತಕ್ಕೆ ಅಂತ ಅವ್ನು ಕೇಳ್ಲಿಲ್ಲ, ಕಟ್ಟಿ ಕೊಟ್ಟ. ಬೆಳಿಗ್ಗೆ ಹೊಲಕ್ಕೆ ಹೋದ್ರೆ ಬದುವಿನ ಪೊದೆ ಹತ್ರ ಹಂದಿ ಹಿಂಡು. ಗುರಿ ಇಟ್ಟು ಹೊಡ್ದೆ. ಟಪ್ ಅಂತು, ಭುಜಕ್ಕೆ ಕತ್ತೆ ಒದ್ದಂಗಾಯ್ತು, ಆಕಾಶ ಕಾಣ್ತು. ಗುಂಡೆಲ್ಲ ಅಕ್ಷತೆ ಎರಚ್ದಂಗೆ ಎತ್ತೆತ್ಲಾಗೋ ಹೋಗಿತ್ತು, ಒಂದು ಹಂದಿಗೂ ತಾಕ್ಲಿಲ್ಲ. ಹೆಂಗಸ್ರು ಸೆರಗು ಬಾಯಿಗಿಟ್ಕೊಂಡು ನಗ್ತಿದ್ರು.

ಭುಜ ನೇರಳೆಹಣ್ಣಿನಂಗೆ ಕಪ್ಪಾಗಿತ್ತು. ಯಾರಿಗೂ ತೋರಿಸ್ಲಿಲ್ಲ, ಅಂಗಿ ಬಿಚ್ಚದೇ ಮಲಗ್ತಿದ್ದೆ. ಹಂಗಾರೆ ದಪ್ಪಂದೇ ಸರಿ ಅಂತ ಮತ್ತೆ ಕಲ್ಯಾಣದುರ್ಗಕ್ಕೆ ಹೋಗಿ, ಇರೋದ್ರಲ್ಲೆಲ್ಲ ದಪ್ಪಂದು ಕೊಡಪ್ಪ ಅಂತ ತಂದೆ. ಅದು ಬಾವಿ ತೋಡೋರು ಬಂಡೆ ಸಿಡಿಸೋ ಮದ್ದು ಕಣ್ಲಾ, ಹೆಸರುಕಾಳು ಗಾತ್ರ. ನಂಗೇನು ಗೊತ್ತು. ಸಂಜೆ ಮುಂದೆ ಹೊಡ್ದೆ. ಬುಸ್ಸ್ ಅಂತು, ಒಂದು ಬಂಡಿ ಹೊಗೆ ಬಂತು, ಅರ್ಧ ಮದ್ದು ಉರೀದೇ ಹಂಗೇ ನನ್ನ ಮುಂದೆ ಉದುರೋಯ್ತು, ಗುಂಡು ಹೋಗಿ ಮಾರು ದೂರದಲ್ಲಿ ಬಿತ್ತು. ಒಂದು ಹಂದಿ ತಲೆ ಎತ್ತಿ ನನ್ನ ನೋಡಿ, ಮತ್ತೆ ತಲೆ ಬಗ್ಗಿಸಿ ಕಾಯಿ ತಿನ್ನೋಕೆ ಶುರು ಮಾಡ್ತು. ಪಕ್ಕದ ಹೊಲದ ಹನುಮಂತಪ್ಪ ಬದು ಮೇಲೆ ನಿಂತ್ಕೊಂಡು, "ಏನ್ ಅಳಿಯಪ್ಪ, ನಿನ್ ಬಂದೂಕಕ್ಕೆ ನೆಗಡಿ ಆಗೈತಾ?" ಅಂದ. ಅವತ್ತಿಂದ ನಂಗೆ ಕೆಮ್ಮೋ ಅಳಿಯ ಅಂತ್ಲೇ ಹೆಸ್ರು. ನೀರು ತರೋ ಹೆಣ್ಣುಮಕ್ಳೂ ನನ್ನ ಕಂಡ್ರೆ ಸುಮ್ಸುಮ್ನೆ ಕೆಮ್ಮೋರು. ತಲೆ ಎತ್ತಿ ಓಡಾಡೋಕಾಗ್ತಿರ್ಲಿಲ್ಲ.

ಆಮೇಲೆ ಊರೋರೇ ನಾಕು ಜನ ಮನೆಗೆ ಬಂದ್ರು. ನಾನು ಒಳಗೆ ಗೋಡೆಗೆ ಒರಗಿ ಕೇಳಿಸ್ಕೊಂತಿದ್ದೆ. "ಹಂದಿ ನಿಮ್ಮ ಹೊಲ ಮುಗಿಸಿ ನಮ್ಮ ಹೊಲಕ್ಕೆ ಬತ್ತಾವೆ, ಕಾಯೋ ಕೆಲ್ಸ ಹನುಮಂತಪ್ಪನಿಗೆ ಒಪ್ಪಿಸ್ರಿ" ಅಂದ್ರು. ಮಾವ "ನಮ್ಮನೇಲಿ ಗಂಡ್ಸು ಅವ್ರೆ" ಅಂದ್ರು. ಅಷ್ಟೇ ಅಂದಿದ್ದು. ಬೈದಿದ್ರೆ ತಡ್ಕೊಂತಿದ್ದೆ ಕಣಪ್ಪ. ಆ ಮಾತು ಕೇಳಿ ನೆಲ ಬಿರೀಬಾರ್ದಾ ಅನ್ನಿಸ್ತು. ಚೀಲಕ್ಕೆ ಬಟ್ಟೆ ತುರುಕ್ತಾ ಇದ್ದೆ, ನಿಮ್ಮಜ್ಜಿ ಬಾಗ್ಲಲ್ಲಿ ನಿಂತ್ಳು.

"ಎಲ್ಲಿಗೆ?"

"ಹಿಂದೂಪುರಕ್ಕೆ."

"ಮಗ್ಗನೇ ಇಲ್ಲ, ಅಲ್ಲೇನೈತೆ?"

"ಅಲ್ಲಿ ಯಾರೂ ಕೆಮ್ಮಲ್ಲ."

ಅವ್ಳು ಅಡ್ಡ ಬರ್ಲಿಲ್ಲ. "ಅಪ್ಪಯ್ಯಂಗೆ ಹೇಳಿ ಹೋಗ್ರಿ" ಅಂದ್ಳು, ಅಷ್ಟೇ.

ಮಾವ ಜಗಲಿ ಮೇಲೆ ಕೂತಿದ್ರು. ಕಾಲು ಮುಟ್ಟೋಕೆ ಬಗ್ಗಿದ್ರೆ, ಎಬ್ಬಿಸೋಕೆ ಅಂತ ತಡಕಾಡಿ ನನ್ನ ಭುಜಾನೇ ಹಿಡ್ಕೊಂಡ್ರು. ನಾನು ಅಮ್ಮಾ ಅಂದ್ಬುಟ್ಟೆ. ಅವ್ರು ಕೈ ತೆಗೀಲಿಲ್ಲ, ಮೆಲ್ಲಗೆ ಮುಟ್ಟಿ ನೋಡಿ, "ಮೊದ್ಲು ಸಣ್ಣ ಮದ್ದು ಹೊಡ್ದಿದ್ರಿ ಅಲ್ವಾ?" ಅಂದ್ರು. ಹೆಂಗೆ ಗೊತ್ತಾಯ್ತು ಮಾವ ಅಂದೆ. "ಸದ್ದು ಬತ್ತೈತಲ್ಲಪ್ಪ ಇಲ್ಲಿಗಂಟ. ಸಣ್ಣಂದು ಒಂದೇ ಸಲ ಎಲ್ಲ ಉರ್ದು ಬಿಡ್ತೈತೆ, ಚಾಟಿ ಹೊಡ್ದಂಗೆ ಟಪ್ ಅಂತೈತೆ, ಭುಜ ಮುರೀತೈತೆ, ಗುಂಡು ಚದುರೋಯ್ತೈತೆ. ಬಂಡೆ ಮದ್ದು ನಿಧಾನ, ಅದು ಉರ್ಯೋದ್ರೊಳಗೆ ಗುಂಡು ಆಚೆ ಬಿದ್ದಿರ್ತೈತೆ. ಉಪ್ಪಿಟ್ಟಿನ ರವೆ ಇದ್ದಂಗಿರ್ಬೇಕು. ಅದಾದ್ರೆ ಹಿಂದಿನಿಂದ ಒಂದೇ ಸಮ ನೂಕ್ತೈತೆ, ಗುಂಡು ಗುಂಪಾಗಿ ಹೋಯ್ತೈತೆ, ಧಂ ಅಂತ ತುಂಬಿದ ಸದ್ದು." ನಾನು ಕೇಳ್ದೆ, "ಮೊದ್ಲೇ ಯಾಕೆ ಹೇಳ್ಲಿಲ್ಲ ಮಾವ?" ಅವ್ರು ತಲೆ ತಗ್ಗಿಸಿದ್ರು. ಆ ಮನುಷ್ಯ, ನನ್ನ ಮುಂದೆ. "ಇಲ್ಲಟಂ ಬಂದೋರು, ಹೇಳ್ಕೊಡೋಕೆ ಹೋದ್ರೆ ನೊಂದ್ಕೊಂತೀರೇನೋ ಅಂತ. ಕಣ್ಣು ಕಾಣ್ದೋನು ಬಂದೂಕದ ಮಾತಾಡ್ತಾನೆ ಅಂತೀರೇನೋ ಅಂತ ನಂಗೂ ನಾಚಿಕೆ ಕಣಪ್ಪ." ನಂಗೆ ಬಂದೂಕ ಹೊಡ್ಯೋಕೆ ಬರಲ್ಲ ಮಾವ, ಸುಳ್ಳು ಹೇಳ್ದೆ ಅಂದೆ. "ಅದೂ ಗೊತ್ತು" ಅಂದ್ರು.

ಮಾರ್ನೇ ದಿನ ಅವ್ರ ಕೈ ಹಿಡ್ಕೊಂಡು ಬಸ್ಸಲ್ಲಿ ಕಲ್ಯಾಣದುರ್ಗಕ್ಕೆ ಕರ್ಕೊಂಡೋದೆ. ಅಂಗಡೀಲಿ ಒಂದೊಂದೇ ಮದ್ದು ಬೆರಳಲ್ಲಿ ಉಜ್ಜಿ ನೋಡಿ, ಇದು ಅಂದ್ರು. ಆಮೇಲೆ ಹೊಲದಲ್ಲಿ ನನ್ನ ಬೆನ್ನ ಹಿಂದೇನೇ ನಿಂತ್ಕೊಂಡು ಹೊಡೆಸಿದ್ರು. ಧಂ ಅಂತು. ಒಂದು ಹಂದಿ ಬಿತ್ತು, ಉಳ್ದವು ಆ ಕಡೆ ತಲೆ ಹಾಕ್ಲಿಲ್ಲ. ಆದ್ರೆ ಏನು ಬಂತು, ಅಷ್ಟೊತ್ತಿಗೆ ಮುಕ್ಕಾಲು ಹೊಲ ಹಾಳಾಗೋಗಿತ್ತು. ಮನೆಗೆ ಆ ವರ್ಷ ಬಿತ್ತನೆಗಾಗೋಷ್ಟೇ ಕಾಯಿ ಬಂದಿದ್ದು, ನಿಮ್ಮಜ್ಜಿ ಎಣ್ಣೆ ಇಲ್ದೇ ಸಾರು ಮಾಡ್ತಿದ್ಳು, ಯಾರೂ ಒಂದು ಮಾತು ಅನ್ಲಿಲ್ಲ, ಅದೇ ನಂಗೆ ಇವತ್ತಿಗೂ ಚುಚ್ತೈತೆ. ಅದ್ಕೇ ಹೇಳೋದು, ಬರಲ್ಲ ಅಂದ್ರೆ ಬರಲ್ಲ ಅನ್ರಪ್ಪ, ಗೊತ್ತಿರೋರೂ ಬಾಯಿ ಬಿಟ್ಟು ಹೇಳ್ರಪ್ಪ. ಹೂಂ, ಏಳ್ರಿ, ನಿಮ್ಮಜ್ಜಿ ಊಟಕ್ಕೆ ಕರೀತಾವ್ಳೆ.