ಮಗುಚಿದರೂ ಜಾರದ ಜೆಲ್

ಒಂದು ಪಟ್ಟಣದಲ್ಲಿ ಒಬ್ಬ ದೊಡ್ಡ ಸಾಹೇಬ ಇದ್ದ. ಶ್ರೀಮಂತನೇನಲ್ಲ ತಾಯಂದಿರೇ, ವಿದ್ಯಾವಂತ. ಹೆಮ್ಮೆ ಪಡಲು ಅಷ್ಟು ಸಾಕಲ್ಲವೇ?

ಅವನದೊಂದು ಪ್ರಯೋಗಶಾಲೆ. ಮನುಷ್ಯರ ಮೈಯಿಂದ ತೆಗೆದ ಜೀವಕೋಶಗಳನ್ನು ಅಲ್ಲಿ ಬೆಳೆಸುತ್ತಿದ್ದರು. ಬೀಜಕ್ಕೆ ಮಣ್ಣು ಬೇಕು, ಜೀವಕೋಶಕ್ಕೆ? ಅದಕ್ಕೊಂದು ಜೆಲ್ ಬೇಕು. ನೀವೆಲ್ಲ ಗಿಣ್ಣು ಮಾಡಿದ್ದೀರಲ್ಲ, ಹಾಗೇ ಇರುತ್ತದೆ ಅದು. ತುಂಬಾ ನೀರು, ಆ ನೀರನ್ನು ಹಿಡಿದಿಟ್ಟ ಕಣ್ಣಿಗೆ ಕಾಣದ ಎಳೆಗಳ ಬಲೆ. ಗಿಣ್ಣು ಹಬೆಯಲ್ಲಿ ಗಟ್ಟಿಯಾಗುತ್ತದೆ, ಇದು ನೀಲಿ ಬೆಳಕಿನಲ್ಲಿ. ಬೆಳಕು ಹೆಚ್ಚು ಹೊತ್ತು ಬಿದ್ದಷ್ಟೂ ಎಳೆಗಳು ಬಿಗಿಯುತ್ತವೆ.

ಸಾಹೇಬನಿಗೆ ಒಂದು ಚಟ. ಯಾರೇ ಬರಲಿ, ಜೆಲ್ ತುಂಬಿದ ಚಪ್ಪಟೆ ಸೀಸೆಯನ್ನು ಅವರೆದುರು ಮಗುಚಿ ಹಿಡಿಯುವುದು. ಗಟ್ಟಿಯಾಗಿದೆಯೋ ಇಲ್ಲವೋ ಎಂದು ನೋಡಲು ಎಲ್ಲರೂ ಮಗುಚುತ್ತಾರೆ, ತಪ್ಪಲ್ಲ. ಇವನಿಗೆ ಮಾತ್ರ ಅದೇ ಪೂಜೆ, ಅದೇ ಮಂಗಳಾರತಿ. "ನೋಡ್ರಿ, ಒಂದು ಹನಿ ಜಾರಂಗಿಲ್ಲ. ನಮ್ಮ ಜೆಲ್ ಅಂದ್ರ ಕಲ್ಲು!" ಬಂದವರು ಚಪ್ಪಾಳೆ ತಟ್ಟುವರು. ಹೀಗಾಗಿ ಅವನ ಅಪ್ಪಣೆ: ಎರಡು ನಿಮಿಷ ಬೆಳಕು, ಒಂದು ಸೆಕೆಂಡೂ ಕಡಿಮೆ ಆಗಕೂಡದು.

ಹಿಂದಿನ ಸಾಲಿನಲ್ಲಿ ಗುರುಸಿದ್ದವ್ವನವರು ನಗುತ್ತಿದ್ದಾರೆ. ನಗಿ ತಾಯಿ, ಆಮೇಲೆ ನಿಮ್ಮ ಕಡೆಗೇ ಬರುತ್ತೇನೆ.

ಆ ಊರಿನ ಆಸ್ಪತ್ರೆಯಲ್ಲಿ ಸ್ಟವ್ ಸಿಡಿದು ಕತ್ತಿನಿಂದ ಕಾಲಿನವರೆಗೆ ಮೈಯೆಲ್ಲ ಸುಟ್ಟುಕೊಂಡ ಒಬ್ಬ ಹುಡುಗಿ ಮಲಗಿದ್ದಳು. ಅವಳ ಮೈಮೇಲೆ ಉಳಿದ ಒಳ್ಳೆಯ ಚರ್ಮದಿಂದ ಉಗುರಿನಷ್ಟು ತೆಗೆದು, ಜೀವಕೋಶ ಬಿಡಿಸಿ, ಮೂರು ಪಾಲು ಮಾಡಿದರು. ಹೊಸ ಚರ್ಮ ಬೆಳೆಸಬೇಕು. ಮೊದಲ ಪಾಲು ಜೆಲ್ಲಿನೊಳಗೆ ಹೋಯಿತು, ಸತ್ತಿತು. ಎರಡನೆಯದು ಹೋಯಿತು, ಅದೂ ಸತ್ತಿತು. ಇನ್ನೊಂದೇ ಪಾಲು. ಇನ್ನೊಂದು ಉಗುರಿನಷ್ಟು ತೆಗೆಯಲು ಆ ಹುಡುಗಿಯಲ್ಲಿ ಚರ್ಮವೆಲ್ಲಿ?

ಸೀಸೆ ಮಗುಚಿದಾಗ ಎಲ್ಲರೂ ಹೊರಗಿನಿಂದ ನೋಡಿದರು. ಒಳಗೆ ನೋಡಿದವಳು ಒಬ್ಬಳೇ, ಹನ್ನೆರಡು ವರ್ಷದಿಂದ ಅಲ್ಲಿ ಜೆಲ್ ಕಲಸುತ್ತಿದ್ದ ಹೆಣ್ಣುಮಗಳು. ದಿನಾ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವಳು. ಒಳಗೆ ಜೀವಕೋಶಗಳು ಸಾಸಿವೆ ಕಾಳಿನ ಹಾಗೆ ಗುಂಡಗೆ, ಮುದುಡಿ, ಕೈ ಚಾಚಲು ಜಾಗವಿಲ್ಲದೆ, ಇದ್ದಲ್ಲೇ ಕಪ್ಪಗಾಗುತ್ತಿದ್ದವು.

ಅವಳು ಹೋಗಿ ಹೇಳಿದಳು: "ಸರ, ಭಾಳ ಬಿಗಿ ಆಗೇತ್ರಿ. ಉಸಿರು ಕಟ್ಟಿ ಸಾಯಾಕತ್ತಾವ್ರಿ."

"ಇದು ವಿಜ್ಞಾನ ಐತಿ. ನಿಮ್ಮನಿ ಗಿಣ್ಣ ಅಲ್ಲ."

"ಗಿಣ್ಣನೂ ಹೆಚ್ಚಿಗೆ ಬೇಯಿಸಿದ್ರ ರಬ್ಬರ್ ಆಗತೈತ್ರಿ ಸರ. ಬಾಯಾಗ ಇಡಾಕ ಬರಂಗಿಲ್ಲ."

ಸಾಹೇಬ ಬಾಗಿಲು ತೋರಿಸಿದ. ಅವಳು ತನ್ನ ಮೇಜಿಗೆ ವಾಪಸು ಬಂದಳು, ಕಡೆಯ ಪಾಲನ್ನು ಸೀಸೆಗೆ ಹಾಕಿದಳು, ನೀಲಿ ಬೆಳಕು ಹಚ್ಚಿದಳು. ನಲವತ್ತು ಎಣಿಸಿದಳು. ಆರಿಸಿದಳು!

ನಾಲ್ಕನೆಯ ದಿನ ಸಾಹೇಬ ಅತಿಥಿಗಳನ್ನು ಕರೆತಂದ. ಸೀದಾ ಅದೇ ಸೀಸೆಗೆ ಕೈ ಹಾಕಿದ. ಮಗುಚಿದರೆ ಏನಾಗುತ್ತದೆ? ಮೆತ್ತಗಿನ ಜೆಲ್ ಜಾರುತ್ತದೆ, ಹರಿದುಹೋಗುತ್ತದೆ, ಅದರೊಂದಿಗೆ ಆ ಹುಡುಗಿಯ ಚರ್ಮವೂ. ಅವಳು ಓಡಿ ಬಂದು ಮುಚ್ಚಳದ ಮೇಲೆ ಅಂಗೈ ಒತ್ತಿದಳು.

"ಇದನ್ನ ಮಗಚಾಕ ಬಿಡಂಗಿಲ್ರಿ."

"ಕೈ ತಗಿ."

"ತಗಿಯಂಗಿಲ್ರಿ."

"ಮಂದಿ ಮುಂದ ಮಾನ ಕಳೀತಿ ಏನು? ಅಲಗಾಡಾಕತ್ತೇತಿ ನೋಡು, ಅಲಗಾಡಾಕತ್ತೇತಿ!"

"ಅಲಗಾಡ್ಲಿ ಬಿಡ್ರಿ. ಬೇಕಾದ್ರ ನಾಳೆ ನನ್ನ ಕೆಲಸ ತಗೀರಿ. ಇವತ್ತ ಒಳಗ ನೋಡ್ರಿ."

ಅತಿಥಿಗಳ ಮುಂದೆ ಬೇರೆ ದಾರಿ ಇರಲಿಲ್ಲ, ಬಗ್ಗಿ ನೋಡಿದ. ಒಳಗೆ ಒಂದು ಸಾಸಿವೆಯೂ ಇರಲಿಲ್ಲ. ಜೀವಕೋಶಗಳು ಉದ್ದುದ್ದ ತೋಳು ಚಾಚಿ, ಪಕ್ಕದ್ದನ್ನು ಮುಟ್ಟಿ, ಒಂದರಿಂದ ಎರಡಾಗಿ ಹರಡಿಕೊಂಡಿದ್ದವು. ಸಾಹೇಬ ಅವಳನ್ನು ಹೊಗಳಿದನೇ? ಇಲ್ಲ. ಗಂಟು ಮುಖ ಹಾಕಿಕೊಂಡು ಹೊರಟುಹೋದ. ಆದರೆ ಸೀಸೆಯನ್ನು ಮಗುಚಲಿಲ್ಲ. ಆ ಹುಡುಗಿಯ ಕತ್ತಿನ ಮೇಲೆ ಅವಳದೇ ಚರ್ಮ ಬಂತು.

ಗುರುಸಿದ್ದವ್ವನವರೇ, ಈಗ ಬಂದೆ. ಮೊನ್ನೆ ನೀವು ನನಗೆ ಏನು ಹೇಳಿದಿರಿ? "ನಮ್ಮ ಸೊಸಿ ಧ್ವನಿ ಇವತ್ತಿಗೂ ಹೊಸ್ತಿಲ ದಾಟಿಲ್ರಿ" ಅಂದಿರಿ. ನಾಲ್ಕು ಜನರ ಮುಂದೆ ಸೀಸೆ ಮಗುಚಿ ತೋರಿಸಿದಿರಿ. ನಾನೂ ತಲೆದೂಗಿದೆ ನೋಡಿ, ನನ್ನದೂ ತಪ್ಪು. ಒಳಗೆ ಆ ಮಗು ಹೇಗಿದ್ದಾಳೆ ಎಂದು ನಾವಿಬ್ಬರೂ ಬಗ್ಗಿ ನೋಡಿದೆವೇ?

ಅತ್ತೆಯಂದಿರೇ, ಮನೆಯಲ್ಲಿ ಒಂದಿಷ್ಟು ಬೆಳಕು ಆರಿಸಿ. ಅಷ್ಟೊಂದು ಕಣ್ಣು ಬೇಡ. ಅವಳು ಚಪ್ಪಲಿ ಮೆಟ್ಟಿದೊಡನೆ "ಎಲ್ಲಿಗೆ?" ಎನ್ನಬೇಡಿ. ಫೋನಿನಲ್ಲಿ ನಕ್ಕರೆ ಯಾರು ಎಂದು ಕೇಳಬೇಡಿ. ಮನೆ ಅಲುಗಾಡುತ್ತದೆಯೇ? ಅಲುಗಾಡಲಿ. ಗಟ್ಟಿ ಮನೆ, ಗಟ್ಟಿ ಮನೆ ಎಂದು ಕಲ್ಲಿನಲ್ಲಿ ಎಷ್ಟು ಜನರನ್ನು ಹೂಳುತ್ತೀರಿ?

ಗೋಡೆಗೊರಗಿ ಕೂತ ಹುಡುಗಿಯರೇ, ನಿಮಗೊಂದು ಮಾತು ಉಳಿಸಿದ್ದೇನೆ. ಮೆತ್ತಗಿನ ಜೆಲ್ಲಿನಲ್ಲೂ ಜಾಗ ತಾನಾಗಿ ಸಿಗುವುದಿಲ್ಲ. ಜೀವಕೋಶ ತನ್ನೊಳಗಿಂದಲೇ ಒಂದು ರಸ ಬಿಟ್ಟು, ಅಡ್ಡ ಬಂದ ಎಳೆಯನ್ನು ಕರಗಿಸಿ, ಕೈ ಚಾಚುತ್ತದೆ. ಅಷ್ಟು ಸಣ್ಣ ಜೀವ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನೀವು ಯಾರನ್ನು ಕೇಳುತ್ತಾ ಕೂತಿದ್ದೀರಿ? ದಿನಕ್ಕೊಂದು ಎಳೆ ಕರಗಿಸಿ. ನಿಮ್ಮ ಬದುಕನ್ನು ನಾಲ್ಕು ಜನರೆದುರು ಮಗುಚಿ ತೋರಿಸಲು ಯಾರಾದರೂ ಕೈ ಹಾಕಿದರೆ, ಮುಚ್ಚಳದ ಮೇಲೆ ಅಂಗೈ ಒತ್ತಿ ಹಿಡಿಯಿರಿ. "ಕೈ ತಗಿ" ಅನ್ನುತ್ತಾರೆ. ತೆಗೆಯಬೇಡಿ.