ಬೇಲಿಯಾಚೆಯ ಹನ್ನೆರಡು ಮರ

…ಇಲ್ಲ ಅಕ್ಕ, ಈಗಲೇ ಏಳಬೇಡಿ. ಫೋನು ಮಾಡಿ ಕೇಳುತ್ತೇನೆ ಎಂದಿದ್ದಾನಲ್ಲ ಆ ಸಿಪಾಯಿ, ಕೇಳಲಿ. ಗೇಟು ಮುಚ್ಚಲು ಇನ್ನೂ ಕಾಲು ಗಂಟೆಯಿದೆ. ಬಕೆಟ್ಟು ಬೋರಲು ಹಾಕಿದ್ದೇನೆ, ಅದರ ಮೇಲೆ ಕುಳಿತುಕೊಳ್ಳಿ. ನೆಲವೆಲ್ಲ ಇಬ್ಬನಿ, ನಿಮ್ಮ ಮಂಡಿಗೆ ಆಗದು.

ಊರಿನವರೆಲ್ಲ ದಾಟಿ ಹೋದರು. ನಮ್ಮಿಬ್ಬರ ಪರವಾನಗಿ ಕಾರ್ಡಿಗೆ ಮಾತ್ರ ಆ ಯಂತ್ರ ಕೆಂಪು ದೀಪ ತೋರಿಸಿತು. ನೀವು ಮನೆಯ ಹಿರಿಯ ಸೊಸೆ, ನಾನು ಮೂರನೆಯವಳು… ನಮ್ಮೂರಿಗೂ ನಮ್ಮ ಆಲಿವ್ ಮರಗಳಿಗೂ ನಡುವೆ ಅವರ ಸೈನ್ಯ ಈ ಬೇಲಿ ಹಾಕಿದಲ್ಲಿಂದ ಎಷ್ಟು ಕೊಯ್ಲಿಗೆ ಈ ಗೇಟನ್ನು ಒಟ್ಟಿಗೆ ದಾಟಿಲ್ಲ? ಒಮ್ಮೆ ಆಚೆಯ ರಸ್ತೆಯಲ್ಲಿ, ಗುಡ್ಡದ ಮೇಲೆ ಬಂದು ನೆಲೆಸಿದ ಅವರ ಜನರ ಕಾರಿನ ಮೇಲೆ ಯಾರೋ ಗುಂಡು ಹಾರಿಸಿದಾಗ ಮೂರು ವಾರ ಮುಚ್ಚಿದ್ದರು, ನಿಜ. ಆದರೆ ಅದು ಇಡೀ ಊರಿಗೆ. ಈಗ ನಮ್ಮೊಂದು ಮನೆಗೆ ಮಾತ್ರ. ಆ ಹುಡುಗ ನಮ್ಮ ಭಾಷೆಯಲ್ಲೇ ಹೇಳಿದ: "ಅಮ್ಮ, ನಿಮ್ಮದು ಈಗ ನಾಲ್ಕು ತುಂಡು ಅಂತ ಬಂದಿದೆ. ಒಂದೊಂದೂ ತೀರ ಚಿಕ್ಕದು. ಅಷ್ಟಕ್ಕೆಲ್ಲ ಬೇಸಾಯದ ಪರವಾನಗಿ ಕೊಡಲ್ಲ. ನಾನು ಪಟ್ಟಿ ನೋಡೋನು ಅಷ್ಟೆ." ಮುಖ ಆ ಕಡೆ ತಿರುಗಿಸಿಕೊಂಡ, ಪಾಪ. ಪಾಪ ಎಂದೇಕೆ ಅಂದೆನೋ, ಬಾಯಿಗೆ ಬಂತು.

ತುಂಡು ಯಾರು ಮಾಡಿದರು? ನನ್ನ ಪ್ರಶ್ನೆ ಅದೊಂದೇ. ಹನ್ನೆರಡು ಮರ, ಒಂದು ದುನುಮಿಗಿಂತ ಚೂರು ಹೆಚ್ಚು, ಕಾಲೆಕರೆಯಷ್ಟು ನೆಲ, ನಾಲ್ಕು ಮನೆ. ಯಾರು ಕೇಳಿದರೂ ನಮ್ಮೆಲ್ಲರದೂ ಒಂದೇ ಮಾತು: ಅಜ್ಜನ ಭೂಮಿ, ಪಾಲಾಗಿಲ್ಲ. ಅತ್ತೆ ಸೊಸೆಯರನ್ನೆಲ್ಲ ಕೂರಿಸಿ ಬಾಯಿಪಾಠ ಮಾಡಿಸಿದ ಮಾತು ಅದು. ಕಾರಣ ಹೇಳಲಿಲ್ಲ. ಅತ್ತೆಯನ್ನು ಕಾರಣ ಕೇಳುವ ಧೈರ್ಯ ಯಾರಿಗಿತ್ತು?

ನನಗೆ ಮೊದಲು ಅನುಮಾನ ಬರುವುದು ಪಂಚಾಯಿತಿಯ ಗುಮಾಸ್ತ ಶುಕ್ರಿಯ ಮೇಲೆ. ಯಾಕೆ ನಗುತ್ತೀರಿ? ಅವನಿಗೆ ಬೆಳಗ್ಗೆ ತಿಂದದ್ದು ಮಧ್ಯಾಹ್ನ ನೆನಪಿರುವುದಿಲ್ಲ, ಒಪ್ಪುತ್ತೇನೆ. ಮಗಳ ಮದುವೆಯ ಕರೆಯೋಲೆಯಲ್ಲಿ ಮದುಮಗನ ಹೆಸರು ಹಾಕಿಸುವುದನ್ನೇ ಮರೆತ ಮಹಾನುಭಾವ. ಹೋಗಲಿ, ಅವನಲ್ಲ.

ಹಾಗಾದರೆ ಗಡಿಯಾಚೆ ಅಮ್ಮಾನಿನಲ್ಲಿರುವ ಕಿರಿಯ ಮೈದುನ ರಾತಿಬ್. ವರ್ಷಕ್ಕೊಮ್ಮೆ ಬಂದು, ಎರಡು ಡಬ್ಬಿ ಎಣ್ಣೆ ಎತ್ತಿಕೊಂಡು, "ಅತ್ತಿಗೆ, ನನ್ನ ಮರ ಯಾವುದು ತೋರಿಸಿ" ಎನ್ನುತ್ತಾನಲ್ಲ. ಅವನಿಗೆ ಮರವೂ ಒಂದೇ, ದೀಪದ ಕಂಬವೂ ಒಂದೇ. ಆದರೆ ಊರಿಗೆ ಬಂದು ಎರಡು ವರ್ಷವಾಯಿತು. ಪಾಲಿನ ಕಾಗದಕ್ಕೆ ಅಲ್ಲಿಂದಲೇ ರುಜು ಹಾಕಲಾದೀತೆ? ಆಗದು. ಎದುರಿಗೆ ನಿಂತು ಗುರುತಿನ ಚೀಟಿ ತೋರಿಸಬೇಕು.

ತಲೆ ಬಗ್ಗಿಸಿಕೊಂಡಿರೇಕೆ? ಏನಾದರೂ ಹೊಳೆಯಿತೇ?

ನನಗೆ ಹೊಳೆದದ್ದನ್ನು ನಾನು ಹೇಳುತ್ತೇನೆ. ಹೋದ ಕೊಯ್ಲಿಗೆ ಬಿಳಿ ಕಾರುಗಳಲ್ಲಿ ಆ ಹೊರದೇಶದ ರಾಯಭಾರಿಗಳು ಬಂದಿದ್ದರಲ್ಲ. ನಮ್ಮೊಡನೆ ಒಂದು ಗಂಟೆ ಕಾಯಿ ಬಿಡಿಸಿ, ಎಲೆಯನ್ನೂ ಕಾಯನ್ನೂ ಒಟ್ಟಿಗೆ ಕಿತ್ತು, ಫೋಟೋ ತೆಗೆಸಿಕೊಂಡು ಹೋದರು. ಆ ಉದ್ದನೆಯ ಹೆಂಗಸು ಕಹಿ ಕಾರುವ ಹಸಿ ಆಲಿವನ್ನೇ ಬಾಯಿಗೆ ಹಾಕಿಕೊಂಡು, ಕ್ಯಾಮೆರಾ ಎದುರಿಗಿದೆಯೆಂದು ಉಗುಳಲೂ ಆಗದೆ ನುಂಗಿದಳು. "ಪಾಪದವಳು, ದೇಶಕ್ಕಾಗಿ ನುಂಗಿದಳು" ಎಂದು ನೀವೇ ಹೇಳಿ ನಗಿಸಿದಿರಿ. ಅವಳ ಜೊತೆ ನಮ್ಮವನೇ ಒಬ್ಬ ವಕೀಲನಿದ್ದ. ಎಲ್ಲರಿಗೂ ತನ್ನ ವಿಳಾಸದ ಚೀಟಿ ಹಂಚಿದ. ಈ ರಾಯಭಾರಿಗಳ ಸರಕಾರ ಬೇಲಿ ಹಾಕಿದವರ ಸರಕಾರದೊಡನೆ ನಮ್ಮ ಪರವಾಗಿ ಮಾತನಾಡುತ್ತದಂತೆ. ಆದರೆ ಅಜ್ಜನ ಹೆಸರು ಹಿಡಿದು ಮಾತನಾಡಲಾಗದಂತೆ, ಯಾರ ಪಾಲು ಎಷ್ಟೆಂದು ಬದುಕಿರುವವರ ಹೆಸರಿನಲ್ಲಿ ಕಾಗದ ಬೇಕಂತೆ.

ನಮ್ಮ ಮನೆಯಿಂದ ಯಾರೋ ಅವನ ಕಚೇರಿಗೆ ಹೋಗಿದ್ದಾರೆ, ಅಕ್ಕ. ಒಬ್ಬರ ಪಾಲು ಬರೆಸಿದರೆ ನಾಲ್ವರದೂ ಬರೆದಂತೆಯೇ. ಆ ವಕೀಲ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಬೇಲಿ ಹಾಕಿದವರಿಗೆ ಕಳಿಸಿರಬೇಕು. ಇದು ನಿಮ್ಮದೇ ಭೂಮಿ ಎಂದು ಸಾಧಿಸಲು ಕಳಿಸಿದ ಕಾಗದ. ಅವರು ಅದನ್ನೇ ಓದಿ, ಹೌದು, ನಿಮ್ಮದೇ, ಆದರೆ ಚಿಕ್ಕದು ಎಂದಿದ್ದಾರೆ.

ನಿಮ್ಮ ಸೊಸೆ ಇರಬಹುದೇ? ಓದಿದವಳು, ಪಟ್ಟಣಕ್ಕೆ ಓಡಾಡುವವಳು. …ಸಿಟ್ಟಾಗಬೇಡಿ, ಅನುಮಾನ ಅಷ್ಟೇ. ಆದರೆ ತುಂಬು ಬಸುರಿ ಅವನ ಕಚೇರಿಗೆ ಮೂರು ಮಹಡಿ ಹತ್ತುವುದೆಂದರೆ ಕಷ್ಟವೇ. ಲಿಫ್ಟು ಬೇರೆ ಕೆಟ್ಟಿದೆ, ಮೆಟ್ಟಿಲಿಗೆ ಹಿಡಿಕೆಯೂ ಇಲ್ಲ…

ಏನು? ಯಾಕೆ ಹಾಗೆ ನೋಡುತ್ತೀರಿ?

ಹಾಗಂತ ಕೇಳಿದ್ದೇನೆ. ಯಾರೋ ಹೇಳಿದರು. ಯಾರೆಂದು… ನೆನಪಿಲ್ಲ. ಬಸ್ಸಿನಲ್ಲಿ ಯಾರೋ.

ಎಲ್ಲರನ್ನೂ ಅನುಮಾನಿಸುತ್ತಾಳೆ ಎನ್ನುತ್ತೀರಾ? ಅನುಮಾನಿಸದೆ ಬದುಕಲು ನಾನೇನು ನಿಮ್ಮ ಹಾಗೆ ಮೂರು ಗಂಡು ಹೆತ್ತವಳೇ? ಹೆತ್ತದ್ದು ಹನೀನಳೊಬ್ಬಳನ್ನೇ. ಅವಳಪ್ಪ ಮುಂಝಿರ್ ತೀರಿಕೊಂಡ ನಲವತ್ತನೆಯ ದಿನ, ಅಡುಗೆಮನೆಯಲ್ಲಿ ನೀವೂ ಇದ್ದಿರಿ. ನಾನು ಅಕ್ಕಿ ತೊಳೆಯುತ್ತಿದ್ದೆ. ಆಚೆ ಕೋಣೆಯಲ್ಲಿ ಭಾವ ಹೇಳಿದರು: "ಮುಂಝಿರನ ಹೆಂಡ್ತಿಗೆ ವರ್ಷಕ್ಕೆ ಬೇಕಾದಷ್ಟು ಎಣ್ಣೆ ಕೊಡೋಣ. ಮರ ಕಟ್ಕೊಂಡು ಅವಳೇನು ಮಾಡ್ತಾಳೆ." ಕೊಡೋಣ ಎಂದರು, ಅಕ್ಕ. ನನ್ನದನ್ನು ನನಗೆ ದಾನ ಕೊಡುವ ಮಾತು. ನೀವು ಬಾಗಿಲು ಮುಂದಕ್ಕೆ ಎಳೆದಿರಿ. ನನಗೆ ಕೇಳಿಸದಿರಲಿ ಎಂದೋ, ಕೇಳಿಸಿತು ಎಂದು ಅವರಿಗೆ ತಿಳಿಯದಿರಲಿ ಎಂದೋ… ಇವತ್ತಿಗೂ ನನಗೆ ಗೊತ್ತಿಲ್ಲ.

ಅಂದಿನಿಂದ ಅತ್ತೆಯ ಆ ಬಾಯಿಪಾಠವನ್ನೇ ನಾನು ಬೇರೆ ಬಗೆಯಲ್ಲಿ ಕೇಳತೊಡಗಿದೆ. ಪಾಲಾಗಿಲ್ಲ, ಪಾಲಾಗಿಲ್ಲ. ಯಾಕೆ ಆಗಿಲ್ಲ? ಗಂಡಿಲ್ಲದವಳಿಗೆ ಕೊಡಬೇಕಾಗುತ್ತದೆ, ಅದಕ್ಕೇ ಎಂದುಕೊಂಡೆ. ಬೇಲಿ, ಸಿಪಾಯಿ, ಪರವಾನಗಿ ಒಂದೂ ನನ್ನ ತಲೆಗೆ ಬರಲಿಲ್ಲ. ಆಚೆಯ ಗುಡ್ಡದವರಿಗಿಂತ ನಮ್ಮ ಆಚೆ ಕೋಣೆಯವರಿಗೇ ಹೆಚ್ಚು ಹೆದರಿದ್ದೆ.

ಮಾತನಾಡಿ, ಅಕ್ಕ. "ನೀನು ಹೋಗಿದ್ದೆಯಾ" ಎಂದಾದರೂ ಕೇಳಿ. ಇಲ್ಲ ಎನ್ನಲು ಆಗ ಒಂದು ಅವಕಾಶವಾದರೂ ಸಿಗುತ್ತಿತ್ತು. ಅದನ್ನೂ ಕೊಡುವುದಿಲ್ಲವೇ?

…ಹೋಗಿದ್ದೆ. ಹನೀನಳಿಗೆ ಹಲ್ಲುನೋವೆಂದು ಹೇಳಿ ಪಟ್ಟಣಕ್ಕೆ ಹೋದ ದಿನ. ಹಿಡಿಕೆಯಿಲ್ಲದ ಆ ಮೆಟ್ಟಿಲನ್ನು ಗೋಡೆಗೆ ಕೈಯೂರಿ ಹತ್ತಿದೆ. ಅವನು ಕಾಗದ ತಿರುಗಿಸಿ ನನ್ನ ಎದುರಿಗಿಟ್ಟ. ರುಕಯ್ಯಾ, ಮೂರು ಮರ, ಬಾವಿಯ ಕಡೆಯ ಅಂಚು. ಇಂಥವನ ಹೆಂಡತಿ ಎಂದಿರಲಿಲ್ಲ, ಇಂಥವಳ ತಾಯಿ ಎಂದಿರಲಿಲ್ಲ. ಮದುವೆಯ ದಿನ ಬಿಟ್ಟರೆ ನನ್ನ ಹೆಸರನ್ನು ಬರೆದದ್ದು ನಾನು ಕಂಡದ್ದು ಅದೇ ಮೊದಲು. ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದೆ. ಇದನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ನಿಮಗೆ ಮೊದಲೇ ಗೊತ್ತಿತ್ತು, ಅಲ್ಲವೇ? ಕೆಂಪು ದೀಪ ಬಂದಾಗ ನೀವು ಯಂತ್ರವನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ. ಆದರೂ ನಾನು ಒಬ್ಬೊಬ್ಬರ ಹೆಸರು ಎತ್ತುತ್ತಿದ್ದರೆ ಸುಮ್ಮನೆ ಕೇಳುತ್ತ ಕುಳಿತಿರಿ. ನಿಮ್ಮ ಬಸುರಿ ಸೊಸೆಯ ಹೆಸರನ್ನು ಕೂಡ.

ಅಗೋ, ಅವನು ಫೋನು ಇಟ್ಟ. ಕೈ ಅಲ್ಲಾಡಿಸುತ್ತಿದ್ದಾನೆ, ಇಲ್ಲ ಎಂದು. ಕಾಯಿ ಮರದಲ್ಲೇ ಉದುರುತ್ತದೆ. ಮುಂದಿನ ವರ್ಷವೂ ಉದುರುತ್ತದೆ. ಆಮೇಲೆ, ಉಳದೆ ಬಿಟ್ಟ ನೆಲ, ಇದು ಸರಕಾರದ್ದು ಎನ್ನುತ್ತಾರೆ. ಮೂರು ಮರಕ್ಕೆ ಹೋಗಿ ಹನ್ನೆರಡನ್ನೂ ಕಳೆದೆ. ಸಂಜೆ ಭಾವನಿಗೆ ನಾನೇ ಹೇಳುತ್ತೇನೆ, ನೀವು ಹೇಳುವುದು ಬೇಡ.

ಅದಕ್ಕೆ ಮೊದಲು ಒಂದು ಮಾತು. ಇಲ್ಲಿ ಗಂಡಸರಿಲ್ಲ, ನಾವಿಬ್ಬರೇ. ಅವರು ನಿಜವಾಗಿಯೂ ನನ್ನ ಪಾಲು ಕಸಿದುಕೊಳ್ಳುತ್ತಿದ್ದರೇ?

…ಅಳಬೇಡಿ. ಅಳು ಉತ್ತರವಲ್ಲ. ತಲೆ ಅಡ್ಡ ಆಡಿಸಬೇಡಿ, ಅಕ್ಕ, ಬೇಡ… ಕಸಿದುಕೊಳ್ಳುತ್ತಿದ್ದರು ಎನ್ನಿ. ಸುಳ್ಳಾದರೂ ಪರವಾಗಿಲ್ಲ, ಹೌದು ಎನ್ನಿ.